ಜನರೇಟರ್ ಖರೀದಿ: ಸಾಮರ್ಥ್ಯ ನಿರ್ಧರಿಸುವ ಮುನ್ನ ಹೊರೆಯ ಪಟ್ಟಿ ಮಾಡಿ

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಜಲವಿದ್ಯುತ್ ಉತ್ಪಾದನೆ ಕುಸಿದು, ಕೊಳವೆಬಾವಿಗಳ ಬಳಕೆ ಏರಿತು. ಅಕ್ಟೋಬರ್‌ನಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ ದಿನಕ್ಕೆ 5 ಗಂಟೆಗೆ ಸೀಮಿತವಾಗಿ, ಬಳಿಕ 7 ಗಂಟೆಗೆ ಏರಿತು. ಮಳೆ ಕೊರತೆಯಾದರೆ ಇಂತಹ ಸ್ಥಿತಿ ಮರುಕಳಿಸಬಹುದು. ಆದ್ದರಿಂದ ಹೈನುಗಾರಿಕೆಯುಳ್ಳ ಕುಟುಂಬಗಳು ಜನರೇಟರ್ ಕೊಳ್ಳಲು ಯೋಚಿಸುವುದು ಸಹಜ. ಆದರೆ "ಎಷ್ಟು ಕೆ.ವಿ.ಎ. ಬೇಕು?" ಎಂಬುದು ಮೊದಲ ಪ್ರಶ್ನೆಯಾಗಬಾರದು, "ಯಾವ ಕೆಲಸ ನಿಲ್ಲಬಾರದು?" ಎಂಬುದಾಗಬೇಕು.

ದೀಪ, ಫ್ಯಾನ್, ಮೊಬೈಲ್ ಚಾರ್ಜಿಂಗ್‌ಗೆ ಇನ್ವರ್ಟರ್ ಸಾಕು. ಸಣ್ಣ ಡೀಸೆಲ್ ಜನರೇಟರ್ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರನೇ ಒಂದು ಲೀಟರ್ ಇಂಧನ ಬಳಸುತ್ತದೆ. ಲೀಟರಿಗೆ 90 ರೂ. ಎಂದು ಹಿಡಿದರೂ ಯೂನಿಟ್ಟಿಗೆ 30 ರೂ. ತಗಲುತ್ತದೆ. ಹೊರೆ ತೀರಾ ಕಡಿಮೆಯಿದ್ದರೆ ಈ ವೆಚ್ಚ ಇನ್ನೂ ಹೆಚ್ಚು. ಎಂಜಿನ್‌ನಲ್ಲಿ ಮಸಿಯೂ ಕಟ್ಟುತ್ತದೆ.

ಜನರೇಟರ್ ಬೇಕಾಗುವುದು ಮುಖ್ಯವಾಗಿ ಮೋಟಾರುಗಳಿಗೆ. ಒಂದು ಎಚ್.ಪಿ. ಎಂದರೆ 746 ವ್ಯಾಟ್. ನಷ್ಟ ಸೇರಿಸಿ 1 ಕಿಲೋವ್ಯಾಟ್ ಎಂದು ಹಿಡಿಯಿರಿ. ಚಾಲನೆಯ ಕ್ಷಣದಲ್ಲಿ ಕನಿಷ್ಠ ಮೂರು ಪಟ್ಟು ಬೇಕಾಗುತ್ತದೆ. ಒಂದು ಎಚ್.ಪಿ.ಯ ಹಾಲು ಕರೆಯುವ ಯಂತ್ರ ಮತ್ತು ಕೆಲವು ದೀಪಗಳಿಗೆ 5 ಕೆ.ವಿ.ಎ. ಸಾಕಾಗಬಹುದು. ಅವುಗಳ ಜೊತೆಗೇ 2 ಎಚ್.ಪಿ.ಯ ಮೇವು ಕತ್ತರಿಸುವ ಯಂತ್ರವನ್ನೂ ನಡೆಸುವುದಾದರೆ 10 ಕೆ.ವಿ.ಎ. ಬೇಕಾದೀತು. ವಿದ್ಯುತ್ ಇರುವಾಗಲೇ ಮೇವು ಕತ್ತರಿಸಿಟ್ಟುಕೊಂಡರೆ ಅರ್ಧ ಸಾಮರ್ಥ್ಯದ ಜನರೇಟರ್ ಸಾಕು. ಇದು ಅಂದಾಜು ಲೆಕ್ಕ. ಖರೀದಿಗೆ ಮುನ್ನ ನಿಮ್ಮ ಮೋಟಾರನ್ನೇ ಹೊರೆಯೊಂದಿಗೆ ಚಾಲೂ ಮಾಡಿ ತೋರಿಸುವಂತೆ ಮಾರಾಟಗಾರರನ್ನು ಕೇಳಿ.

ಎರಡು ವಿಷಯಗಳಲ್ಲಿ ರಾಜಿ ಸಲ್ಲದು. ಮೊದಲನೆಯದು, ಜನರೇಟರ್ ಮನೆಯೊಳಗಾಗಲಿ, ಕೊಟ್ಟಿಗೆಯಲ್ಲಾಗಲಿ ಇರಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಾಂತಕ. ಎರಡನೆಯದು, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಲೇಬೇಕು. ಅದಿಲ್ಲದೆ ಪ್ಲಗ್ ಮೂಲಕ ಮನೆಯ ವೈರಿಂಗ್‌ಗೆ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರ್‌ನಲ್ಲಿ 11,000 ವೋಲ್ಟ್‌ವರೆಗೆ ಏರಬಲ್ಲದು. ಸರಬರಾಜು ನಿಂತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಅದು ಕುತ್ತು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ರೈತರೊಡನೆ ಕುಳಿತು ಈ ಹೊರೆಪಟ್ಟಿಯನ್ನು ಬರೆಸುವುದು ಸೂಕ್ತ.