ಕೊಪ್ಪರಿಗೆಯೂ ಕಾರೂ

೨೦೨೫ರ ಸೆಪ್ಟೆಂಬರ್ ೨೨ರಂದು ಸಣ್ಣ ಕಾರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಯಿತಷ್ಟೆ. ಅಂದಿನಿಂದ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದೇ ಮಾತು: “ಇನ್ನೂ ಕಾರು ಕೊಳ್ಳದವನು ದಡ್ಡ.” ಸ್ಕೂಟರಿನಲ್ಲಿ ಸುಖವಾಗಿ ಓಡಾಡಿಕೊಂಡಿದ್ದವರೂ ಬ್ಯಾಂಕಿನ ಸಾಲದ ಅರ್ಜಿಯನ್ನು ಕೈಯಲ್ಲಿ ಹಿಡಿದಿದ್ದಾರೆ. ಕುದುರೆ ಕಂಡರೆ ಕಾಲುನೋವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಮಾತು ತಪ್ಪು ಎಂಬುದೇ ನನ್ನ ವಾದ. ಬೆಂಗಳೂರಿನಂಥ ನಗರದಲ್ಲಿ, ವಾರಕ್ಕೆ ಒಂದೆರಡು ಸಲ ಮಾತ್ರ ಕಾರು ಬೇಕಾಗುವ ಸಂಸಾರವು ಅಗ್ಗವೆಂಬ ಒಂದೇ ಕಾರಣಕ್ಕೆ ಕಾರು ಕೊಳ್ಳುವುದು ಲೆಕ್ಕಕ್ಕೂ ಹೊಂದದು, ನೆರೆಹೊರೆಯ ಧರ್ಮಕ್ಕೂ ಹೊಂದದು. ಅಂಥ ಹತ್ತು ಮನೆಯವರು ಕೂಡಿ ಒಂದು ಕಾರು ಇಟ್ಟುಕೊಳ್ಳುವುದೇ ವಿವೇಕ. ಅದಕ್ಕೆ ಅಡ್ಡಿಯಾಗಿರುವುದು ನಮ್ಮ ಅಭಿಮಾನ ಒಂದು, ನಮ್ಮ ಕಾನೂನು ಇನ್ನೊಂದು.

ಮೊದಲು ಲೆಕ್ಕವನ್ನೇ ನೋಡೋಣ. ತೆರಿಗೆ, ನೋಂದಣಿ ಎಲ್ಲ ಸೇರಿ ೫ ಲಕ್ಷ ರೂಪಾಯಿಗೆ ಕಾರು ಮನೆ ಬಾಗಿಲಿಗೆ ಬಂತೆಂದು ಇಟ್ಟುಕೊಳ್ಳಿ. ಹತ್ತು ವರ್ಷ ಓಡಿಸಿ ೧ ಲಕ್ಷಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ ೪೦,೦೦೦ ರೂಪಾಯಿ. ಅದೇ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ಸರಾಸರಿ ೨೦,೦೦೦ ಎಂದು ಕಡಿಮೆಯಾಗಿಯೇ ಹಿಡಿಯೋಣ. ಸಾಲ ಮಾಡಿ ಕೊಂಡವನಿಗೆ ಇದು ಇನ್ನೂ ಹೆಚ್ಚು. ವಿಮೆಗೆ ೧೨,೦೦೦. ಸರ್ವೀಸು, ಟೈರು, ಬ್ಯಾಟರಿ, ಆಗಾಗ ಬೀಳುವ ಗೀಚು ನೆಗ್ಗು ಇವಕ್ಕೆಲ್ಲ ೧೫,೦೦೦. ಒಟ್ಟು ೮೭,೦೦೦ ರೂಪಾಯಿ. ಇನ್ನೂ ಒಂದು ತೊಟ್ಟು ಪೆಟ್ರೋಲು ಹಾಕಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಾರು ಓಡಿದರೂ ನಿಂತರೂ ಈ ಖರ್ಚು ತಪ್ಪಿದ್ದಲ್ಲ.

ಈಗ ಓಡಿಸೋಣ. ಕಚೇರಿಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗಿ, ಭಾನುವಾರ ನೆಂಟರ ಮನೆಗೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ, ವರ್ಷಕ್ಕೆ ಎರಡು ಸಲ ಊರಿಗೆ ಎಂದು ಕಾರು ತೆಗೆಯುವ ಮನೆಯಲ್ಲಿ ಅದು ವರ್ಷಕ್ಕೆ ೪,೦೦೦ ಕಿಲೋಮೀಟರು ಓಡಿದರೆ ಬಹಳವಾಯಿತು. ಲೀಟರಿಗೆ ೧೬ ಕಿಲೋಮೀಟರಿನಂತೆ ೨೫೦ ಲೀಟರು ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ೨೫,೦೦೦. ಎರಡನ್ನೂ ಕೂಡಿಸಿದರೆ ೧,೧೨,೦೦೦. ಎಂದರೆ ಈ ‘ಅಗ್ಗದ’ ಕಾರು ಕಿಲೋಮೀಟರಿಗೆ ೨೮ ರೂಪಾಯಿ ತಿನ್ನುತ್ತದೆ. ೨೦೨೫ರ ಆಗಸ್ಟ್ ೧ರಂದು ಬೆಂಗಳೂರಿನ ಆಟೋಗಳಿಗೆ ಗೊತ್ತುಮಾಡಿದ ದರ ಕಿಲೋಮೀಟರಿಗೆ ೧೮ ರೂಪಾಯಿ. “ಮೀಟರಿಗೆ ಬರುವ ಆಟೋ ಎಲ್ಲಿದೆ ಸ್ವಾಮಿ?” ಎಂದು ನೀವು ನಗುವುದು ನನಗೆ ಗೊತ್ತು. ಆಯಿತು, ಮೀಟರಿನ ಮೇಲೆ ಅರ್ಧ ಸೇರಿಸಿ ಕೊಡಿ. ಆಗಲೂ ೨೭ ರೂಪಾಯಿಯೇ ಆಗುವುದು. ನಿಮ್ಮ ಸ್ವಂತ ಕಾರಿಗಿಂತ ಒಂದು ರೂಪಾಯಿ ಕಡಿಮೆ! ಚಾಲಕನ ಕೂಲಿಯೂ ಅದರಲ್ಲೇ ಬಂತು. ನಿಲ್ಲಿಸಲು ಜಾಗ ಹುಡುಕುವ ಕಷ್ಟವೂ ಇಲ್ಲ.

ಕಾರೇ ಬೇಡವೆಂದು ನಾನು ಹೇಳುತ್ತಿಲ್ಲ. ದಿನವೂ ದೂರದ ಕೆಲಸಕ್ಕೆ ಹೋಗಬೇಕಾದವನು, ಬಸ್ಸು ಸುಳಿಯದ ಬಡಾವಣೆಯಲ್ಲಿರುವವನು, ನಡೆಯಲಾರದ ತಂದೆತಾಯಿಯರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವವನು ಧಾರಾಳವಾಗಿ ಕೊಳ್ಳಲಿ. ವರ್ಷಕ್ಕೆ ೧೫,೦೦೦ ಕಿಲೋಮೀಟರು ಓಡಿದರೆ, ಸವೆತ ದುರಸ್ತಿ ಹೆಚ್ಚಿದರೂ ಅದೇ ಕಾರಿನ ಖರ್ಚು ಕಿಲೋಮೀಟರಿಗೆ ೧೩ ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಕಾರು ಓಡಿದಷ್ಟೂ ಅಗ್ಗ, ನಿಂತಷ್ಟೂ ದುಬಾರಿ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರು ಓಡಿಸದವನು ಕಾರು ಕೊಂಡದ್ದು ಓಡಾಟಕ್ಕಲ್ಲ, ನಿಲ್ಲಿಸಿಕೊಳ್ಳಲಿಕ್ಕೆ ಎಂದೇ ಹೇಳಬೇಕು.

ನಮ್ಮ ಹಳ್ಳಿಗಳ ಪದ್ಧತಿಯೊಂದನ್ನು ಇಲ್ಲಿ ನೆನೆಯಬಹುದು. ಮದುವೆಯ ಅಡಿಗೆಗೆ ಕೊಪ್ಪರಿಗೆ ಬೇಕು. ಹಾಗೆಂದು ಪ್ರತಿಯೊಬ್ಬ ಗೃಹಸ್ಥನೂ ಕೊಪ್ಪರಿಗೆ ಕೊಂಡು ನಡುಮನೆಯಲ್ಲಿ ಇಟ್ಟುಕೊಂಡನೆ? ಇಲ್ಲ. ಊರ ದೇವಸ್ಥಾನದ ಉಗ್ರಾಣದಲ್ಲಿ ನಾಲ್ಕು ಕೊಪ್ಪರಿಗೆ, ಹತ್ತು ಹಂಡೆ ಇರುತ್ತಿದ್ದುವು. ಬೇಕಾದವರು ತಂದು, ಕೆಲಸವಾದ ಮೇಲೆ ತಿಕ್ಕಿ ತೊಳೆದು ಹಿಂದಿರುಗಿಸುತ್ತಿದ್ದರು. ನಾಟಿಯ ಕಾಲಕ್ಕೆ ಮುಯ್ಯಾಳು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಪರೂಪಕ್ಕೆ ಬೇಕಾಗುವ ದೊಡ್ಡ ವಸ್ತುವನ್ನೂ ದೊಡ್ಡ ದುಡಿಮೆಯನ್ನೂ ಕೂಡಿಯೇ ನಿಭಾಯಿಸಬೇಕೆಂಬುದನ್ನು ಓದು ಬರಹ ಬಾರದವರು ಅರಿತಿದ್ದರು. ಪದವೀಧರರಾದ ನಾವು ಮಾತ್ರ ಮನೆಗೊಂದು ಕೊಪ್ಪರಿಗೆ ಕೊಂಡು, ಅದನ್ನು ಬೀದಿಯಲ್ಲಿ ಕವುಚಿಟ್ಟು, ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೇವೆ.

ಇದರ ಮೂಲದಲ್ಲಿರುವುದು ಅಗತ್ಯವಲ್ಲ, ಅಂತಸ್ತು. ಸಾಕ್ಷಿ ಬೇಕೆ? ೨೦೦೮ರ ಜನವರಿಯಲ್ಲಿ ಟಾಟಾ ಸಂಸ್ಥೆ ದೆಹಲಿಯಲ್ಲಿ ಲಕ್ಷ ರೂಪಾಯಿಯ ನ್ಯಾನೋ ಕಾರನ್ನು ತೋರಿಸಿದಾಗ ಜಗತ್ತೇ ಬೆರಗಾಯಿತು. ಮರುವರ್ಷ ಅದು ಮಾರುಕಟ್ಟೆಗೂ ಬಂತು. ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುವ ಸಂಸಾರಕ್ಕೆ ಸೂರಿರುವ ವಾಹನ ಬೇಕೆಂಬುದೇ ಅದರ ಹಿಂದಿದ್ದ ಸದಾಶಯ. ಅಗತ್ಯವೇ ನಮ್ಮನ್ನು ಕಾರಿನತ್ತ ನೂಕುತ್ತಿದ್ದರೆ ಅದು ಮನೆಮನೆಗೂ ಬರಬೇಕಾಗಿತ್ತು. ಬರಲಿಲ್ಲ, ೨೦೧೮ರಲ್ಲಿ ಅದರ ತಯಾರಿಕೆಯೇ ನಿಂತಿತು. ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹಣೆಪಟ್ಟಿ ಅದಕ್ಕೆ ಮುಳುವಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿಕೊಂಡರು. ಅಗ್ಗದ ಕಾರು ನಮಗೆ ಬೇಕು, ಆದರೆ ಅದು ಅಗ್ಗದ್ದೆಂದು ಎದುರುಮನೆಯವರಿಗೆ ತಿಳಿಯಬಾರದು. ಹೆಣ್ಣು ನೋಡಲು ಬಂದವರು “ಸ್ವಂತ ಕಾರಿದೆಯೆ?” ಎಂದು ಕೇಳುವ ಸಮಾಜದಲ್ಲಿ ಕಾರು ವಾಹನವಲ್ಲ, ವಂಶಾವಳಿ.

ಈ ವಂಶಾವಳಿಗೆ ಜಾಗ ಕೊಡುವವರು ಯಾರು? ಒಂದು ಕಾರು ನಿಲ್ಲಲು ಸುಮಾರು ೧೩೦ ಚದರಡಿ ಬೇಕು. ೨೦–೩೦ರ ನಿವೇಶನದಲ್ಲಿ ಅದು ಐದನೆಯ ಒಂದು ಪಾಲಿಗಿಂತ ಹೆಚ್ಚು. ಓದುವ ಹುಡುಗಿಗೆ ಕೊಡಲಾರದ ಕೋಣೆಯನ್ನು ನಾವು ಕಾರಿಗೆ ಕೊಡುತ್ತೇವೆ. ಅಷ್ಟೂ ಇಲ್ಲದವರು ಬೀದಿಯಲ್ಲಿ ನಿಲ್ಲಿಸುತ್ತಾರೆ. ಬೀದಿ ಎಲ್ಲರದು ಎಂಬ ಮಾತಿಗೆ ‘ಮೊದಲು ಬಂದ ನನ್ನದು’ ಎಂದು ಅರ್ಥ ಹಚ್ಚಿಕೊಂಡಿದ್ದೇವೆ. ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದ ಜಾಗ ಹೋಯಿತು. ಕೋಲೂರಿ ನಡೆಯುವ ಮುದುಕರು ಫುಟ್‌ಪಾತಿನಿಂದ ಇಳಿದು ಬಸ್ಸಿನ ಎದುರಿಗೆ ನಡೆಯಬೇಕಾಗಿದೆ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರಾರು? ಹೊರುತ್ತಿರುವವರು ಈ ಮುದುಕರೇ, ಈ ಮಕ್ಕಳೇ. ಜಪಾನಿನಲ್ಲಿ ೧೯೬೨ರಷ್ಟು ಹಿಂದೆಯೇ, ಕಾರಿಟ್ಟುಕೊಳ್ಳುವವನಿಗೆ ಬೀದಿಯ ಹೊರಗೆ ನಿಲ್ಲಿಸುವ ಸ್ಥಳವಿರಬೇಕೆಂದು ಕಾನೂನು ಮಾಡಿದರು. ನಮ್ಮಲ್ಲಿ ಅಂಥ ಮಾತೆತ್ತಿದರೆ ಮಧ್ಯಮವರ್ಗವೇ ಮೊದಲು ಕೂಗೆಬ್ಬಿಸುತ್ತದೆ.

“ಹಂಚಿಕೆ ಬಂದಿದೆಯಲ್ಲ, ಫೋನಿನಲ್ಲಿ ಒತ್ತಿದರೆ ಕಾರು ಬರುತ್ತದೆ” ಎನ್ನುವವರಿದ್ದಾರೆ. ಬೆಂಗಳೂರಿನಲ್ಲೇ ೨೦೧೩ರಲ್ಲಿ ಜೂಮ್‌ಕಾರ್ ಆರಂಭವಾಯಿತು. ಅದರಿಂದ ಹಲವರಿಗೆ ಅನುಕೂಲವೂ ಆಗಿದೆ. ಆದರೆ ಕನ್ನಡದಲ್ಲಿ ಬಾಡಿಗೆಗೆ ಬಾಡಿಗೆಯೆಂದೂ ಪಾಲಿಗೆ ಪಾಲೆಂದೂ ಬೇರೆ ಬೇರೆ ಮಾತುಗಳಿವೆ. ಕಂಪನಿಯ ಕಾರನ್ನು ಗಂಟೆಗಿಷ್ಟೆಂದು ತರುವುದು ಬಾಡಿಗೆ. ಅಲ್ಲಿ ಲಾಭ ನಿಂತ ದಿನ ಕಾರೂ ನಿಲ್ಲುತ್ತದೆ. ಪ್ಯಾರಿಸ್ಸಿನಲ್ಲಿ ೨೦೧೧ರಲ್ಲಿ ಬಹಳ ಸಡಗರದಿಂದ ತೊಡಗಿದ ಆಟೋಲಿಬ್ ಎಂಬ ವಿದ್ಯುತ್ ಕಾರುಗಳ ವ್ಯವಸ್ಥೆ ನಷ್ಟದ ಹೊರೆಯಿಂದ ೨೦೧೮ರಲ್ಲಿ ಮುಚ್ಚಿತು. ಪಾಲಿನ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ೧೯೪೮ರಲ್ಲಿ, ಒಬ್ಬೊಬ್ಬರೇ ಕಾರು ಕೊಳ್ಳಲಾರದ ಜನ ಕೂಡಿ ಒಂದು ಸಹಕಾರ ಸಂಘ ಕಟ್ಟಿದರು. ಅದೇ ದೇಶದಲ್ಲಿ ೧೯೮೭ರಲ್ಲಿ ಹುಟ್ಟಿದ ಎರಡು ಸಂಘಗಳು ೧೯೯೭ರಲ್ಲಿ ಒಂದಾಗಿ ‘ಮೊಬಿಲಿಟಿ’ ಎಂಬ ಸಹಕಾರ ಸಂಸ್ಥೆಯಾಯಿತು. ಇಂದಿಗೂ ಅದು ನಡೆಯುತ್ತಿದೆ. ರೈಲು ನಿಲ್ದಾಣಗಳ ಪಕ್ಕದಲ್ಲೇ ಅದರ ಕಾರುಗಳು ನಿಂತಿರುತ್ತವೆ. ಅಲ್ಲಿನವರು ಬಡವರಲ್ಲ. ಅವರು ಲೆಕ್ಕ ಬಲ್ಲವರು.

ನಮ್ಮ ಹತ್ತು ಮನೆಗಳ ಲೆಕ್ಕವನ್ನೂ ನೋಡಿಬಿಡೋಣ. ಮನೆಗೆ ೧,೫೦೦ ಕಿಲೋಮೀಟರಿನಂತೆ ಒಂದೇ ಕಾರು ವರ್ಷಕ್ಕೆ ೧೫,೦೦೦ ಓಡಿದರೆ ಎಲ್ಲ ಸೇರಿ ಖರ್ಚು ೨ ಲಕ್ಷದೊಳಗೆ. ತಲಾ ಮನೆಗೆ ೨೦,೦೦೦. ಅದೇ ೧,೫೦೦ ಕಿಲೋಮೀಟರಿಗೆ ಸ್ವಂತ ಕಾರಿಟ್ಟವನ ಖರ್ಚು ೯೬,೦೦೦ ದಾಟುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಬೀದಿಯಲ್ಲಿ ಒಂಬತ್ತು ಕಾರುಗಳ ಜಾಗ ಉಳಿಯುವುದು ಇದರ ಮೇಲಿನ ಲಾಭ.

ಆಕ್ಷೇಪಣೆಗಳಿವೆ. ನಡುರಾತ್ರಿ ಎದೆನೋವು ಬಂದರೆ? ಎದೆನೋವು ಬಂದವನೇ ಚಾಲಕನಾಗಿದ್ದರೆ ಸ್ವಂತ ಕಾರು ಏನು ಮಾಡೀತು? ಕರ್ನಾಟಕದಲ್ಲಿ ೨೦೦೮ರಿಂದ ೧೦೮ರ ಆಂಬುಲೆನ್ಸ್ ಇದೆ. ಅದು ತಡವಾದರೆ, ಕಾರು ಓಡಿಸಬಲ್ಲ ಹತ್ತು ಮನೆಯವರ ಫೋನು ನಂಬರು ಗೊತ್ತಿರುವವನು ಒಬ್ಬಂಟಿ ಮಾಲೀಕನಿಗಿಂತ ಕ್ಷೇಮ. ಯುಗಾದಿಯ ದಿನ ಹತ್ತು ಮನೆಗೂ ಕಾರು ಬೇಕಾದರೆ? ಒಬ್ಬರಿಗೆ ಸಿಗುತ್ತದೆ, ಒಂಬತ್ತು ಮಂದಿ ಟ್ಯಾಕ್ಸಿ ಹಿಡಿಯಬೇಕು. ಆ ಅನನುಕೂಲ ನಿಜವೇ. ಆದರೆ ವರ್ಷಕ್ಕೆ ೭೦,೦೦೦ ಉಳಿಸಿದವನು ಒಂದು ದಿನದ ಟ್ಯಾಕ್ಸಿಗೆ ಅಳಬೇಕಾದ್ದಿಲ್ಲ. ಮಂದಿಯ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಇದೊಂದು ಗಟ್ಟಿಯಾದ ಪ್ರಶ್ನೆ. ಸಂಪು, ಲಿಫ್ಟು, ಜನರೇಟರುಗಳನ್ನು ನಮ್ಮ ಅಪಾರ್ಟ್‌ಮೆಂಟಿನವರು ಜಗಳವಾಡಿಕೊಂಡೇ ಆದರೂ ಕೂಡಿ ನಡೆಸುತ್ತಿಲ್ಲವೆ? ಓಡಿಸಿದ್ದು ಎಷ್ಟು, ಗೀಚಿದವರು ಯಾರು ಎಂದು ಬರೆಯುವ ಒಂದು ಪುಸ್ತಕ, ಅದನ್ನು ನೋಡಿಕೊಳ್ಳುವ ಒಬ್ಬ ಖಂಡಿತವಾದಿ ನಿವೃತ್ತ ಗುಮಾಸ್ತರು ಇದ್ದರೆ ಕಾರೂ ನಡೆದೀತು.

ನಿಜವಾದ ತೊಡಕು ಕಾನೂನಿನದು. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಬಿಳಿ ಫಲಕದ ಖಾಸಗಿ ಕಾರನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಕೂಡದು. ಖಾಸಗಿ ಕಾರಿನ ವಿಮೆಯೂ ಬಾಡಿಗೆಯ ಬಳಕೆಯನ್ನು ಹೊರಗಿಡುತ್ತದೆ. ಹತ್ತು ಮನೆಯವರು ಕಿಲೋಮೀಟರಿಗೆ ಇಷ್ಟೆಂದು ಪೆಟ್ಟಿಗೆಗೆ ಹಣ ಹಾಕಿದರೆ ಅದು ಬಾಡಿಗೆಯೋ ಪಾಲೋ ಎಂಬ ತಕರಾರು ಅಪಘಾತವಾದ ದಿನವೇ ಏಳುವುದು. ಸರಿಯಾದ ಪರವಾನಗಿ ಪಡೆಯೋಣವೆಂದರೆ ೧೯೮೯ರ ರೆಂಟ್-ಎ-ಕ್ಯಾಬ್ ಸ್ಕೀಮು ೫೦ ಕಾರುಗಳಿಗೆ ಕಡಿಮೆಯಿಲ್ಲದವರನ್ನು ಮಾತ್ರ ಒಳಗೆ ಬಿಡುವಂತೆ ಬರೆಯಲ್ಪಟ್ಟಿತು. ಐವತ್ತು ಕಾರಿನ ಸಾಹುಕಾರನಿಗೆ ಬಾಗಿಲು, ಒಂದು ಕಾರಿನ ನೆರೆಹೊರೆಗೆ ಗೋಡೆ! ತೆರಿಗೆ ಇಳಿಸಿ, ಕೊಳ್ಳಿರೆಂದು ಬೆನ್ನು ತಟ್ಟುವ ಸರ್ಕಾರ, ಹಂಚಿಕೊಳ್ಳುತ್ತೇವೆಂದವರಿಗೆ ಮುಖ ತೋರಿಸುವುದಿಲ್ಲ.

ಸಹಕಾರ ನಮಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದ ರೈತರು ೧೯೦೫ರಲ್ಲೇ ಸಹಕಾರ ಪತ್ತಿನ ಸಂಘ ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿಸಿದರು. ಸಿದ್ದನಗೌಡ ಪಾಟೀಲರ ಆ ಊರಿನ ಜನ ಸಾಲವನ್ನೇ ಒಬ್ಬರನ್ನೊಬ್ಬರು ನಂಬಿ ಹಂಚಿಕೊಂಡರು. ನಾವು ನಾಲ್ಕು ಚಕ್ರವನ್ನು ಹಂಚಿಕೊಳ್ಳಲಾರೆವೆ? ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಡಿ ನೋಂದಾಯಿಸಿದ ನಿವಾಸಿಗಳ ಸಂಘವು ತನ್ನ ಸದಸ್ಯರ ಬಳಕೆಗಾಗಿ ಒಂದೆರಡು ಕಾರುಗಳನ್ನು ಇಟ್ಟುಕೊಳ್ಳಬಹುದೆಂದೂ, ಅದು ಬಾಡಿಗೆಯಲ್ಲವೆಂದೂ, ವಿಮೆ ಅದಕ್ಕೆ ಸಲ್ಲತಕ್ಕದ್ದೆಂದೂ ಸ್ಪಷ್ಟವಾಗಿ ಬರೆದ ನಿಯಮ ಬೇಕು. ೨೦೨೫ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದಾಗ ನಮ್ಮ ಮೆಟ್ರೋ ೯೬ ಕಿಲೋಮೀಟರಿಗೆ ಬೆಳೆಯಿತು. ಅದರ ನಿಲ್ದಾಣಗಳ ಬಳಿ ಇಂಥ ಸಂಘಗಳ ಕಾರಿಗೆ ಎರಡೆರಡು ಜಾಗ ಮೀಸಲಿಡುವುದು ಅಸಾಧ್ಯವೇನಲ್ಲ. ಇಷ್ಟನ್ನು ನಮ್ಮ ಶಾಸಕರಲ್ಲಿ ಕೇಳುವ ಬದಲು ನಾವು ಕಾರಿನ ಬಣ್ಣ ಆರಿಸುತ್ತ ಕೂತಿದ್ದೇವೆ.

ಸಾಲದ ಕಾಗದಕ್ಕೆ ರುಜು ಹಾಕಲು ಹೊರಟವರಿಗೆ ನನ್ನದೊಂದು ವಿನಂತಿ. ಮೂರು ತಿಂಗಳು ಒಂದು ಟಿಪ್ಪಣಿ ಪುಸ್ತಕ ಇಡಿ. ಕಾರಿಲ್ಲದೆ ಎಷ್ಟು ದಿನ ನಿಜವಾಗಿ ತೊಂದರೆಯಾಯಿತು, ಎಷ್ಟು ದೂರ ಹೋಗಬೇಕಾಗಿತ್ತು, ಏನು ಖರ್ಚಾಯಿತು ಎಂದು ಬರೆಯಿರಿ. ಅದನ್ನು ನಾಲ್ಕರಿಂದ ಗುಣಿಸಿದರೆ ನಿಮ್ಮ ವರ್ಷದ ಅಗತ್ಯ ನಿಮ್ಮ ಕೈಬರಹದಲ್ಲೇ ಇರುತ್ತದೆ. ಅದು ಆರು ಸಾವಿರ ಕಿಲೋಮೀಟರು ದಾಟಿದರೆ ಕೊಳ್ಳಿ, ನನ್ನ ತಕರಾರಿಲ್ಲ. ದಾಟದಿದ್ದರೆ ಆ ಪುಸ್ತಕವನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿ. ಅಲ್ಲಿಯೂ ಒಬ್ಬರು ಅದೇ ಸಾಲದ ಅರ್ಜಿ ತುಂಬುತ್ತಿರಬಹುದು.