ಆ ಬೆಳ್ಳುಳ್ಳಿ ರೀಲ್ ಶೇರ್ ಮಾಡೋದು ಮೊದ್ಲ ನಿಲ್ಲಿಸ್ರಿ

ಭಾಗ 1
ಈ ವಾರ ನಮ್ಮ ಕ್ಲಾಸ್ ಗ್ರೂಪಿನಲ್ಲೇ ನಾಲ್ಕು ಸಲ ಬಂತು. ಗಾಜಿನ ಲೋಟ, ಅರ್ಧ ನೀರು, ಮೇಲೆ ಟೂತ್‌ಪಿಕ್ ಚುಚ್ಚಿ ಕೂರಿಸಿದ ಬೆಳ್ಳುಳ್ಳಿ. 30 ದಿನಕ್ಕೆ ಅಡುಗೆಮನೆಯಲ್ಲೇ ಗಡ್ಡೆ ರೆಡಿ, ಇನ್ನು ಅಂಗಡಿಗೆ ಹೋಗಬೇಡಿ, ರೈತರು ಹಾಕೋ ವಿಷ ತಿನ್ನಬೇಡಿ ಅಂತ ಹಿಂದಿನಿಂದ ಒಂದು ಮೆತ್ತಗಿನ ದನಿ. ಕೊನೆಗೆ ಲೋಟದಿಂದ ದಪ್ಪ ಗಡ್ಡೆ ಎತ್ತಿ ತೋರಿಸ್ತಾರ. ಸ್ಲೋ ಮಾಡಿ ನೋಡ್ರಿ: ಆ ಗಡ್ಡೆಯ ಬೇರು ನೀಟಾಗಿ ಕತ್ತರಿಸಿದೆ, ಸಿಪ್ಪೆ ಒಣಗಿ ಬೆಳ್ಳಗಿದೆ. ನೀರಿನಾಗ ಬೆಳೆದ ಗಡ್ಡೆ ಹಂಗಿರ್ತದೇನ್ರಿ? ಅದು ಸಂತೆಯಿಂದ ತಂದಿದ್ದು. ಅಂದ್ರೆ ಯಾರದೋ ಹೊಲದಲ್ಲಿ ಬೆಳೆದದ್ದು.

ಒಂದು ಸುಳ್ಳು ರೀಲಿಗೆ ಇಷ್ಟ್ಯಾಕ ಸಿಟ್ಟು ಅಂತ ಕೇಳಿದೋರು ಭಾಗ 4ರ ತನಕ ಬರ್ರಿ.

ಭಾಗ 2
ಲೋಟದಲ್ಲಿ ಚಿಗುರು ಬರೋದು ನಿಜ. ಎಸಳಿನೊಳಗೆ ಕೂಡಿಟ್ಟ ಆಹಾರ ಖರ್ಚಾಗಿ ಎಲೆ ಬರುತ್ತೆ, ಅಷ್ಟೆ. ಆ ಸೊಪ್ಪು ಆಮ್ಲೆಟ್ಟಿಗೆ, ಪಲ್ಯಕ್ಕೆ ಚಲೋ ಇರ್ತದ, ಬೇಕಾದ್ರ ಇಡ್ರಿ. ಆದರೆ ಗಡ್ಡೆ ಬೇರೆ ಕಥೆ.

ನಮ್ಮ ಗದಗ ಕಡೆ ಹುಟ್ಟಿದವರಿಗೆ ಇದನ್ನ ಹೇಳಬೇಕಾಗಿಲ್ಲ. ಗದಗ ಲೋಕಲ್ ಅಂತ ಒಂದು ತಳಿಗೇ ಹೆಸರು ಬಿದ್ದ ನೆಲ ಅದು. ಒಂದು ಎಸಳು ಹೂತರೆ ಪೂರ್ತಿ ಗಡ್ಡೆಯಾಗಲು ಹೆಚ್ಚುಕಮ್ಮಿ 120ರಿಂದ 135 ದಿನ ಬೇಕು. ಮೊದಲು ತಂಪು ಬೇಕು, ಆ ತಂಪಿನ ರಾತ್ರಿಗಳೇ ಗಡ್ಡೆ ಎಸಳುಗಳಾಗಿ ಒಡೆಯುವಂತೆ ಮಾಡೋದು. ಆಮೇಲೆ ಹಗಲು ಉದ್ದವಾಗಿ ಬಿಸಿಲು ಏರಿದಾಗ ಗಡ್ಡೆ ದಪ್ಪಗಾಗುತ್ತೆ. ತಂಪು ಸಾಲದಿದ್ರೆ ಒಂದೇ ಉಂಡೆಯಂಥ ಒಂಟಿ ಬೆಳ್ಳುಳ್ಳಿ ಆಗಿ ಕೂರ್ತದ. ನಮ್ಮ ಕಡೆ ಮುಂಗಾರಿಗೂ ಹಾಕ್ತಾರ, ಆದರೆ ಕುಂಡದಲ್ಲಿ ಮಳೆನೀರು ನಿಂತು ಬುಡ ಕೊಳೆಯೋದೇ ಜಾಸ್ತಿ. ಮನೆಯಲ್ಲಿ ಹಾಕೋರು ಅಕ್ಟೋಬರ್, ನವೆಂಬರ್ ತನಕ ಕಾಯ್ರಿ.

ಕುಂಡ ಒಂದು ಗೇಣು ಆಳ ಇರಲಿ, ಕೆಳಗೆ ತೂತು ಇರಲೇಬೇಕು. ಗಡ್ಡೆಯ ಹೊರಸುತ್ತಿನ ದಪ್ಪ ಎಸಳು ಆರಿಸಿ. ಸಿಪ್ಪೆ ಸುಲಿಯಬೇಡಿ. ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ, ಮೇಲೊಂದು ಇಂಚು ಮಣ್ಣು, ಎಸಳಿನಿಂದ ಎಸಳಿಗೆ ನಾಲ್ಕು ಇಂಚು. ದಿನಕ್ಕೆ ಆರು ತಾಸು ಬಿಸಿಲು, ಅಂದ್ರ ಅಡುಗೆಮನೆ ಕಿಟಕಿ ಆಗಂಗಿಲ್ಲ. ಯೂರಿಯಾ ಸುರಿದರೆ ಎಲೆ ಸೊಕ್ಕಿ ಬರುತ್ತೆ, ಗಡ್ಡೆ ಬರಲ್ಲ. ಎಲೆ ಹಳದಿಯಾಗಿ ಬಾಗಲು ಶುರುವಾದಾಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಕಿತ್ತು, ಎಲೆ ಸಮೇತ ನೆರಳಲ್ಲಿ ಒಣಗಿಸಿ.

ಈಗ ಲೆಕ್ಕ ಹಾಕ್ರಿ. ಒಂದಡಿ ಅಗಲದ ಕುಂಡದಲ್ಲಿ ಆರೇಳು ಎಸಳು ಹಿಡಿಸುತ್ತೆ. ನಾಲ್ಕೂವರೆ ತಿಂಗಳು ಕಾದ ಮೇಲೆ ಕಾಲು ಕೆಜಿ ಬಂದ್ರ ಹಬ್ಬ. 2024ರ ಶುರುವಿನಲ್ಲಿ ಬೆಳ್ಳುಳ್ಳಿ ಕೆಜಿಗೆ 400 ರೂಪಾಯಿ ದಾಟಿದಾಗ ಸಾರಿಗೆ ಎಣಿಸಿ ಎಣಿಸಿ ಹಾಕಿದ್ದು ನೆನಪಿದೆಯಲ್ಲ? ಆಗಲೂ ಈ ಕುಂಡ ನಿಮ್ಮ ಅಮ್ಮನ ಒಂದು ವಾರ ದಾಟಿಸ್ತಿರಲಿಲ್ಲ. ಖುಷಿಗೆ ಬೆಳೀರಿ, ನಾನೂ ಬೆಳೀತೀನಿ. ಆದರೆ ಅಂಗಡಿಗೆ ಹೋಗಬೇಡಿ ಅನ್ನೋದು ಶುದ್ಧ ಬುರುಡೆ.

ಭಾಗ 3
ಅದೇ ಪೇಜಿನ ಮುಂದಿನ ರೀಲ್: ಬೆಳ್ಳುಳ್ಳಿ ಕುದಿಸಿ ಆರಿಸಿ ಗಿಡಕ್ಕೆ ಹೊಡೀರಿ, ಎಲ್ಲಾ ಹುಳ ಮಾಯ.

ನನ್ನ ಪ್ರಶ್ನೆ ಒಂದೇ. ಬೆಳ್ಳುಳ್ಳಿ ಎಲ್ಲಾ ಹುಳ ಓಡಿಸೋದಾದ್ರ, ಬೆಳ್ಳುಳ್ಳಿ ಹೊಲಕ್ಕೇ ಥ್ರಿಪ್ಸ್ ಯಾಕ ಬರ್ತದ? ಬೆಳ್ಳುಳ್ಳಿಯ ದೊಡ್ಡ ಶತ್ರುವೇ ಅದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಎಲೆಯ ಬುಡದ ಸಂದಿಯಲ್ಲಿ ಅಡಗಿ ಎಲೆ ಕೆರೆದು ರಸ ಹೀರುತ್ತೆ. ಎಲೆ ಮೇಲೆ ಬೆಳ್ಳಿಯಂಥ ಗೆರೆ, ತುದಿ ಸುರುಟಿ ಒಣಗೋದು ಅದರದೇ ಕೆಲಸ (ಎರಡನೇ ಫೋಟೊ ಝೂಮ್ ಮಾಡಿ).

ಕುದಿಸೋದಂತೂ ಇನ್ನೂ ದೊಡ್ಡ ತಮಾಷೆ. ಬೆಳ್ಳುಳ್ಳಿಯ ಘಾಟು ಎಸಳಿನೊಳಗೆ ರೆಡಿಯಾಗಿ ಕೂತಿರೋದಿಲ್ಲ. ಜಜ್ಜಿದಾಗ ಅಲಿನ್ ಅನ್ನೋ ವಸ್ತು ಅಲಿನೇಸ್ ಅನ್ನೋ ಕಿಣ್ವದ ಜೊತೆ ಸೇರಿ ಅಲಿಸಿನ್ ಹುಟ್ಟುತ್ತೆ. ಇಡೀ ಎಸಳನ್ನ ಕುದಿಸಿದರೆ ಆ ಕಿಣ್ವವೇ ಸಾಯುತ್ತೆ. ಆಗ ನೀವು ಗಿಡಕ್ಕೆ ಹೊಡೀತಿರೋದು ಬೆಳ್ಳುಳ್ಳಿ ಸಾರು. ಹಸಿದನ್ನೇ ಜಜ್ಜಿ ನೆನೆಸಿ ಸೋಸಿದರೆ ಹುಳಕ್ಕೆ ಸ್ವಲ್ಪ ಹೇಸಿಗೆ ಆಗ್ತದ, ಒಂದೆರಡು ದಿನ ದೂರ ಇರ್ತಾವ. ಅಷ್ಟೇ ಅದರ ಯೋಗ್ಯತೆ.

ಇನ್ನು ಪಾತ್ರೆ ತೊಳೆಯೋ ಲಿಕ್ವಿಡ್ ಚಮಚಗಟ್ಟಲೆ ಹಾಕಿ ಹೊಡೆಯೋದು: ಎಲೆ ಮೇಲಿನ ಮೇಣದ ಪದರ ಹೋಗಿ ಎಲೆಯೇ ಸುಡುತ್ತೆ. ತಂಬಾಕು ಕಷಾಯ: ಅದರಲ್ಲಿರೋದು ನಿಕೋಟಿನ್, ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ಜೇನ್ನೊಣಕ್ಕೂ ವಿಷ. ಗಿಡದಿಂದ ಬಂದದ್ದೆಲ್ಲಾ ಸಾತ್ವಿಕ ಅಂತ ನಿಮಗೆ ಯಾರು ಹೇಳಿದ್ರು?

ಭಾಗ 4
ಈಗ ಅಸಲಿ ವಿಷಯ.

ಹೋದ ತಿಂಗಳು ಒಬ್ಬ ಜೂನಿಯರ್ ಮೆಸೇಜ್ ಮಾಡಿದ್ದ. "ಅಕ್ಕಾ, ರೀಲ್ ನೋಡಿ ಬೆಳ್ಳುಳ್ಳಿ ನೀರು ಹೊಡೆದೆ, ಬದನಿ ಗಿಡದ ಹುಳ ಹೋಗ್ಲಿಲ್ಲ. ಮಾಮಾ ಊರಿಂದ ಔಷಧಿ ತಂದು ಕೊಟ್ಟಾರ. ಲೀಟರಿಗೆ ಎಷ್ಟು ಹಾಕ್ಲಿ?" ಜೊತೆಗೊಂದು ಫೋಟೊ. ಕೂಲ್‌ಡ್ರಿಂಕ್ ಬಾಟಲಿ. ಲೇಬಲ್ ಇಲ್ಲ. ಒಳಗೆ ಬಣ್ಣದ ದ್ರವ. ಬಾಟಲಿ ಇಟ್ಟಿದ್ದು ಅಡುಗೆಮನೆ ಕಟ್ಟೆ ಮೇಲೆ, ಪಕ್ಕದಲ್ಲೇ ಎಣ್ಣೆ ಡಬ್ಬಿ.

ನನ್ನ ಸಿಟ್ಟು ಇದರ ಮೇಲೆ. ಸುಳ್ಳು ಮದ್ದು ಕೆಲಸ ಮಾಡದಿದ್ದಾಗ ಜನ ಗಿಡ ಕಿತ್ತು ಸುಮ್ಮನಾಗಲ್ಲ. ಅವಮಾನ ಆದಂಗಾಗಿ ಸೀದಾ ಹೊಲದ ಔಷಧಿಗೆ ಕೈ ಹಾಕ್ತಾರ. ರೀಲ್ ಮಾಡಿದೋರು ಅಷ್ಟೊತ್ತಿಗೆ ಮುಂದಿನ ರೀಲ್ ಎಡಿಟ್ ಮಾಡ್ತಿರ್ತಾರ.

ಮಾನೊಕ್ರೊಟೊಫಾಸ್ ಹೆಸರು ಕೇಳೀರಿ. ತರಕಾರಿಗೆ ಅದನ್ನ ಬಳಸಬಾರದು ಅಂತ ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತ್ತು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಇದೇ ಮಾನೊಕ್ರೊಟೊಫಾಸ್. 2018ರ ಡಿಸೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದು 17 ಜನ ಹೋದರು, ಅಲ್ಲಿ ಬೇಕಂತಲೇ ಬೆರೆಸಿದ್ದು ಅಂತ ಪೊಲೀಸರ ಆರೋಪ. ವಸ್ತು ಮಾತ್ರ ಅದೇ. ಈಗ ಹೇಳ್ರಿ, ಲೇಬಲ್ ಇಲ್ಲದ ಬಾಟಲಿಯನ್ನ ಎಣ್ಣೆ ಡಬ್ಬಿ ಪಕ್ಕ ಇಡ್ತೀರಾ?

ಲೇಬಲ್ ಅಂದ್ರ ಬರೀ ಹೆಸರಲ್ಲ. ಡೋಸ್ ಎಷ್ಟು, ಹೊಡೆದ ಮೇಲೆ ಕಾಯಿ ಕೊಯ್ಯೋಕೆ ಎಷ್ಟು ದಿನ ಕಾಯಬೇಕು, ಮೈಗೆ ಹೋದರೆ ಡಾಕ್ಟರ್ ಏನು ಕೊಡಬೇಕು, ಎಲ್ಲಾ ಅದರ ಮೇಲಿರ್ತದ. ಡಬ್ಬಿ ಮೇಲೆ ಓರೆಯಾಗಿ ನಿಂತ ಚೌಕದ ಕೆಳಗಿನ ಅರ್ಧದ ಬಣ್ಣ ನೋಡ್ರಿ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದ್ರ ಕುಡಿಯಬಹುದು ಅಂತಲ್ಲ ಮತ್ತೆ!

ಆ ಹುಡುಗನಿಗೆ ಬಾಟಲಿ ಮುಟ್ಟಬೇಡ, ತೆರೆಯಬೇಡ, ಹಂಗೇ ಮಾಮಾನ ಕೈಗೆ ವಾಪಸ್ ಕೊಡು ಅಂದೆ. ಹುಳ ಬಿದ್ದ ಕಾಯಿ, ಬಾಡಿದ ಕುಡಿ ಕತ್ತರಿಸಿ ತೆಗೆ ಅಂದೆ. ಬದನೆಯ ಕಾಯಿಕೊರಕ ಒಳಗೆ ಕೂತಿರುತ್ತೆ, ಹೊರಗಿಂದ ಏನು ಹೊಡೆದರೂ ಅದಕ್ಕೆ ತಾಗೋದು ಕಡಿಮೆ.

ಭಾಗ 5
"ರೈತರು ವಿಷ ಹಾಕ್ತಾರೆ" ಅನ್ನೋರಿಗೆ ಒಂದು ಮಾತು. ಅತಿಯಾಗಿ ಹೊಡೆಯೋದು ಸುಳ್ಳಲ್ಲ, ನಮ್ಮ ಓಣಿಯಲ್ಲೇ ನೋಡೀನಿ. ಆದರೆ ಸಂತೆಯಲ್ಲಿ ಒಂದು ತೂತಿರೋ ಬದನೆಕಾಯಿ ಎತ್ತಿ ಪಕ್ಕಕ್ಕೆ ಎಸೆಯೋರು ಯಾರು? ನಾವೇ. ಕನ್ನಡಿಯಂಗ ಹೊಳೆಯೋ ಕಾಯಿಗೆ ಮಾತ್ರ ರೊಕ್ಕ ಕೊಟ್ಟು, ಮನೆಗೆ ಬಂದು ವಿಷದ ಬಗ್ಗೆ ಸ್ಟೋರಿ ಹಾಕೋದು ಯಾವ ನ್ಯಾಯ?

ಮತ್ತೆ ಏನು ಮಾಡೋದು ಅಂತೀರಾ. ಸ್ಪ್ರೇ ಬಾಟಲಿ ಕೆಳಗಿಟ್ಟು ಎಲೆ ಮಗುಚಿ ನೋಡ್ರಿ. ಕಪ್ಪು ಮೈ, ಕಿತ್ತಳೆ ಮಚ್ಚೆ, ಸಣ್ಣ ಮೊಸಳೆಯಂಥ ಹುಳ ಕಂಡ್ರ ಕೊಲ್ಲಬ್ಯಾಡ್ರಿ, ಅದು ಗುಲಗಂಜಿ ಹುಳದ ಮರಿ, ಸಸ್ಯಹೇನು ತಿಂದೇ ಬೆಳೆಯೋದು. ಎಷ್ಟೋ ಮಂದಿ ಅದನ್ನೇ ಮೊದಲು ಹೊಸಕಿ ಹಾಕಿ, ಆಮೇಲೆ ಹೇನು ಜಾಸ್ತಿ ಆತು ಅಂತ ಅಳ್ತಾರ. ಹೇನು, ಥ್ರಿಪ್ಸಿಗೆ ಪೈಪಿನ ನೀರು ಜೋರಾಗಿ ಬಿಟ್ಟರೆ ಅರ್ಧ ಉದುರ್ತಾವ. ಥ್ರಿಪ್ಸಿಗೆ ನೀಲಿ ಅಂಟು ಹಾಳೆ, ಬಿಳಿ ನೊಣಕ್ಕೆ ಹಳದಿ. ಎಲೆಯೊಳಗೆ ಗೆರೆ ಎಳೆಯೋ ರಂಗೋಲಿ ಹುಳಕ್ಕೆ ಆ ಎಲೆಯನ್ನೇ ಕೀಳಬೇಕು. ಬೇವಿನೆಣ್ಣೆ ಲೀಟರ್ ನೀರಿಗೆ 3ರಿಂದ 5 ಮಿಲಿ, ಅಂಟವಾಳದ ನೀರು ಸ್ವಲ್ಪ ಬೆರೆಸಿ ಚೆನ್ನಾಗಿ ಕಲಕಿ, ಸಂಜೆ ಎಲೆಯ ಕೆಳಗೆ. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತೆ. ಅದು ಹುಳದ ಪೊರೆ ಬಿಡೋದನ್ನ ತಡೆಯೋ ಮದ್ದು, ಹಾಗಾಗಿ ಅವತ್ತೇ ಸಾಯಲಿಲ್ಲ ಅಂತ ಡಬಲ್ ಹಾಕಬೇಡಿ. ಹೆಸರಘಟ್ಟದ ಐಐಎಚ್‌ಆರ್ ಬೇವಿನ ಸೋಪು, ಹೊಂಗೆ ಸೋಪು ಮಾಡೈತಿ, ಅದೂ ಆಗ್ತದ. ಟೊಮೆಟೊ 16 ಸಾಲಿಗೆ ಒಂದು ಸಾಲು ಚೆಂಡು ಹೂ ಹಾಕಿದರೆ ಕಾಯಿಕೊರಕದ ಚಿಟ್ಟೆ ಹೂವಿನ ಕಡೆ ಹೋಗಿ ಮೊಟ್ಟೆ ಇಡುತ್ತೆ ಅಂತ ತೋರಿಸಿದ್ದೂ ಅಲ್ಲಿಯವರೇ. ನಿಮ್ಮ ಟೆರೇಸಿಗೆ ಒಂದೆರಡು ಚೆಂಡು ಹೂವಿನ ಕುಂಡ ಸಾಕು.

ದೀಪಾವಳಿಗೆ ಊರಿಗೆ ಹೋದಾಗ ಬಿತ್ತನೆ ಗಡ್ಡೆ ತರ್ತೀನಿ. ಬೇಕಾದೋರು ಕೆಳಗೆ ಎಷ್ಟು ಕುಂಡ ಅಂತ ಬರೀರಿ, ತಲಾ ಒಂದು ಗಡ್ಡೆ ಕೊಡ್ತೀನಿ, ರೊಕ್ಕ ಬ್ಯಾಡ. ಹುಳದ ಫೋಟೊ ಕಳಿಸೋರು ಎಲೆಯ ಕೆಳಭಾಗದ್ದೂ ಕಳಿಸ್ರಿ. ಮೇಲಿಂದ ಒಂದೇ ಫೋಟೊ ಕಳಿಸಿ ಏನು ಹೊಡೀಲಿ ಅಂತ ಕೇಳಿದ್ರ ರಿಪ್ಲೈ ಮಾಡಂಗಿಲ್ಲ.

#ಬಳ್ಳೊಳ್ಳಿ #ಕೈತೋಟ #ಗದಗ #ರೀಲ್‌ನಂಬಬ್ಯಾಡ್ರಿ