ಸ್ಪ್ಯಾನರ್ ನಮ್ಮದು, ಸಹಿ ಯಾರದು?



ನಮ್ಮ ಕೆಮ್ಮಣ್ಣಿನಿಂದ ಮಲ್ಪೆ ಬಂದರು ಎಷ್ಟು ದೂರ? ಒಮ್ಮೆ ಹೋಗಿ ನೋಡಿ. ಬೋಟಿನ ಇಂಜಿನ್ ಸದ್ದು ಕೇಳಿಯೇ ಅದರ ರೋಗ ಹೇಳುವ ಹುಡುಗರು ಅಲ್ಲಿದ್ದಾರೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಮನೆಯ ಕಷ್ಟಕ್ಕೆ ಕೆಲಸಕ್ಕಿಳಿದವರೂ ಇದ್ದಾರೆ. ಅಂಥ ಒಬ್ಬನನ್ನು ಕರೆದು, "ವಿಮಾನ ರಿಪೇರಿ ಮಾಡುತ್ತೀಯಾ ತಮ್ಮಾ?" ಎಂದು ಕೇಳಿ. ನಕ್ಕುಬಿಡುತ್ತಾನೆ. ಅದು ದೊಡ್ಡವರ ಮಕ್ಕಳ ಕೆಲಸ ಎಂದುಕೊಂಡಿದ್ದಾನೆ. ಅವನದಲ್ಲ ತಪ್ಪು. ದಾರಿ ಇದೆ ಎಂದು ಅವನ ಭಾಷೆಯಲ್ಲಿ ಯಾರೂ ಹೇಳಲಿಲ್ಲ!

ವಿಮಾನ ಕಟ್ಟುವುದು ಕನ್ನಡ ನೆಲಕ್ಕೆ ಹೊಸತೇ? 1940ರಲ್ಲಿ ವಾಲಚಂದ್ ಹೀರಾಚಂದರ ಜೊತೆ ಮೈಸೂರು ಸಂಸ್ಥಾನ ಕೈಜೋಡಿಸಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆಯಿತು. ಅಲ್ಲಿಂದ 1951ರಲ್ಲಿ ಎಚ್.ಟಿ.-2 ಹಾರಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಪುಷ್ಪಕ್ ಬಂತು. ಜನ ಮನೆಯಲ್ಲೇ ಕಟ್ಟಿಕೊಳ್ಳಲೆಂದು ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ಮಾದರಿಯನ್ನು ಆಧರಿಸಿ ಬೆಂಗಳೂರಿನ ಎನ್.ಎ.ಎಲ್. 1987ರಲ್ಲಿ ಪುಟ್ಟ ವಿಮಾನವೊಂದನ್ನು ಹಾರಿಸಿತು; 1993ರಲ್ಲಿ ಹಂಸವನ್ನು ಹಾರಿಸಿತು. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ಕಿಟ್ಟುಗಳನ್ನು ಬ್ರಿಟನ್, ಫ್ರಾನ್ಸ್ ದೇಶಗಳ ಹವ್ಯಾಸಿಗಳು ತಾವೇ ಜೋಡಿಸಿ ಹಾರಿಸಿದ್ದಾರೆ. ಕಿಟ್ಟು ಹೋದದ್ದು ನಮ್ಮ ನೆಲದಿಂದ. ನಮ್ಮ ಹುಡುಗರಿಗೆ ಮಾತ್ರ ಅದರ ಸುದ್ದಿಯೇ ಇಲ್ಲ!

ಈ ಕಸುಬಿನ ಗುಟ್ಟು ಒಂದು ಸಹಿಯಲ್ಲಿದೆ. ಸ್ಪ್ಯಾನರ್ ಯಾರೇ ತಿರುಗಿಸಲಿ, ರಿಪೇರಿಯಾದ ಮೇಲೆ "ಈ ವಿಮಾನ ಹಾರಬಹುದು" ಎಂದು ಅಧಿಕಾರವುಳ್ಳವನು ಸಹಿ ಹಾಕದೆ ಅದು ನೆಲ ಬಿಡುವಂತಿಲ್ಲ. ಸಹಿ ಇದ್ದವನು ಇಂಜಿನಿಯರ್, ಇಲ್ಲದವನು ಹೆಲ್ಪರ್. ನಮ್ಮವರು ಎಲ್ಲಿಯವರೆಗೆ ಹೆಲ್ಪರ್‌ಗಳಾಗಿಯೇ ಉಳಿಯಬೇಕು?

ಅಮೆರಿಕದಲ್ಲಿ ವಿಮಾನವನ್ನು ಸ್ವತಃ ಕಟ್ಟಿದವನು ಅದೇ ವಿಮಾನದ ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಪ್ರಮಾಣಪತ್ರ ಪಡೆಯಬಹುದು. ಅಲ್ಲಿ 2004ರಲ್ಲಿ ಬಂದ ನಿಯಮ, ಹಗುರ ವಿಮಾನದ ಮಾಲೀಕ ಕೇವಲ 16 ಗಂಟೆಯ ತರಬೇತಿ ಪಡೆದು ತನ್ನ ವಿಮಾನವನ್ನು ತಾನೇ ತಪಾಸಣೆ ಮಾಡಲು ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಹಂಸ, ಸೆಸ್ನಾದಂಥ ವಿಮಾನಕ್ಕೆ ಸಹಿ ಹಾಕಲು ಡಿ.ಜಿ.ಸಿ.ಎ. ಕೊಡುವ ಎ.ಎಂ.ಇ. ಲೈಸೆನ್ಸ್ ಬೇಕು. ಪಿಸ್ಟನ್ ಇಂಜಿನ್ನಿನ ವಿಮಾನಗಳಿಗೆ ಬಿ1.2 ಎಂಬ ವರ್ಗವಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಆಮೇಲೆ ಮಾಡ್ಯೂಲ್ ಪರೀಕ್ಷೆಗಳು, ಜೊತೆಗೆ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವದ ದಾಖಲೆ. ತಂದೆತಾಯಿಯರೇ, ಗಮನಿಸಿ: ಏರೋನಾಟಿಕಲ್ ಬಿ.ಇ. ಪದವಿ ಬೇರೆ, ಈ ಲೈಸೆನ್ಸ್ ಬೇರೆ. ಬಣ್ಣದ ಜಾಹೀರಾತು ನಂಬಿ ಗದ್ದೆ ಅಡವಿಡುವ ಮೊದಲು, ಆ ಶಾಲೆಗೆ ಡಿ.ಜಿ.ಸಿ.ಎ.ಯ ಸಿ.ಎ.ಆರ್.-147 ಮಂಜೂರಾತಿ ಇದೆಯೇ, ಯಾವ ವರ್ಗಕ್ಕೆ ಇದೆ ಎಂದು ಕೇಳಿ.

ಇನ್ನು ಭಾಷೆಯ ಮಾತು. 1934ರ ವಿಮಾನ ಕಾಯ್ದೆಯನ್ನು ತೆಗೆದು 2025ರ ಜನವರಿ 1ರಿಂದ "ಭಾರತೀಯ ವಾಯುಯಾನ ಅಧಿನಿಯಮ" ಜಾರಿಗೆ ತಂದರು. ಕಾಯ್ದೆಯ ಹೆಸರು ಹಿಂದಿ, ಪರೀಕ್ಷೆ ಇಂಗ್ಲಿಷ್. ಕನ್ನಡಕ್ಕೆ ಎಲ್ಲಿದೆ ಜಾಗ?

ಹಾಗೆಂದು ನಾವು ಕುರುಡು ಅಭಿಮಾನದ ಮಾತಾಡುವುದಿಲ್ಲ. ವಿಮಾನದ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿದೆ. ಅದನ್ನು ಅಕ್ಷರ ಬಿಡದೆ ಓದಲು ಬರಲೇಬೇಕು. ಇಂಚ್-ಪೌಂಡ್ ಎಂದು ಬರೆದದ್ದನ್ನು ಫುಟ್-ಪೌಂಡ್ ಎಂದು ಓದಿದರೆ ಬೋಲ್ಟಿನ ಮೇಲೆ 12 ಪಟ್ಟು ಬಲ ಬೀಳುತ್ತದೆ. ಅಲ್ಲಿ ಹೋಗುವುದು ಜೀವ! ಆದರೆ ಓದುವುದು ಬೇರೆ, ತಿಳಿಯುವುದು ಬೇರೆ. ಬೋಲ್ಟ್ ಏಕೆ ತುಂಡಾಗುತ್ತದೆ, ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಏಕೆ ಕಟ್ಟುತ್ತದೆ ಎಂಬುದನ್ನು ತಾಯ್ನುಡಿಯಲ್ಲಿ ತಿಳಿದವನು ಇಂಗ್ಲಿಷ್ ಮ್ಯಾನ್ಯುಯಲನ್ನು ಇನ್ನೂ ಚೆನ್ನಾಗಿ ಓದುತ್ತಾನೆ. ಬಾಯಿಪಾಠ ಮಾಡಿ ಪಾಸಾದವನ ಸಹಿಗಿಂತ ತಿಳಿದವನ ಸಹಿಯೇ ಪ್ರಯಾಣಿಕನಿಗೆ ರಕ್ಷೆ. ಯೂರೋಪಿನ ನಿಯಮವೂ ಇಂಗ್ಲಿಷೇ ಬೇಕೆನ್ನುವುದಿಲ್ಲ. ದುರಸ್ತಿಯ ದಾಖಲೆಗಳು ಯಾವ ಭಾಷೆಯಲ್ಲಿವೆಯೋ ಆ ಭಾಷೆ ಬರಬೇಕು ಎನ್ನುತ್ತದೆ, ಅಷ್ಟೆ.

ಆದ್ದರಿಂದ ರಾಜ್ಯ ಸರ್ಕಾರಕ್ಕೆ ನಮ್ಮ ಒತ್ತಾಯ ಮೂರು. ಪಿಸ್ಟನ್ ಇಂಜಿನ್, ಪ್ರೊಪೆಲ್ಲರ್ ಮೊದಲಾದ ಮಾಡ್ಯೂಲುಗಳಿಗೆ ಕನ್ನಡದಲ್ಲಿ ಕೈಪಿಡಿ ಬರಲಿ. ಇಂಗ್ಲಿಷ್ ಪದಗಳೂ ಪಕ್ಕದಲ್ಲೇ ಇರಲಿ. ಜಕ್ಕೂರಿನಲ್ಲಿ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ಅಲ್ಲಿ ಹಳ್ಳಿಯ ಹುಡುಗ ಹುಡುಗಿಯರಿಗೆ ಕೆಲಸ ಕಲಿಯುವ ಅವಕಾಶ ಸಿಗಲಿ. ಫೀಸು ಕಟ್ಟಲಾಗದವರಿಗೆ ವಿದ್ಯಾರ್ಥಿವೇತನ ಸಿಗಲಿ.

ನೀವೂ ಸುಮ್ಮನಿರಬೇಡಿ. ಈ ಪತ್ರಿಕೆಯನ್ನು ಓದಿ ಮಡಿಸಿಡದೆ, ನಿಮ್ಮೂರಿನ ಪಿ.ಯು. ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಗ್ಯಾರೇಜಿನಲ್ಲಿ ಓದಿಸಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಒಂದೊಂದು ಪತ್ರ ಬರೆಯಿರಿ. ಮಲ್ಪೆಯ ಆ ತಮ್ಮ ಇನ್ನೊಮ್ಮೆ ನಕ್ಕರೆ, ಈ ಪುಟವನ್ನು ಅವನ ಕೈಗಿಡಿ.

ಸಿರಿಗನ್ನಡಂ ಗೆಲ್ಗೆ!